ಮುಂದಿನ ಸೀಟಲ್ಲಿ ಕೂತವರು: ಕಂಪನಿ ಬಾಸ್‌ಗಳ ಭದ್ರತೆಯ ಇನ್ನೊಂದು ಚರಿತ್ರೆ



2024ರ ಡಿಸೆಂಬರ್ 4ನೇ ತಾರೀಖು ಬೆಳಿಗ್ಗೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಒಂದು ಕೊಲೆ ಆಯ್ತು, ನಿಮಗೆ ನೆನಪಿರಬಹುದು. ಯುನೈಟೆಡ್‌ಹೆಲ್ತ್‌ಕೇರ್ ಅನ್ನೋ ಆರೋಗ್ಯ ವಿಮೆ ಕಂಪನಿಯ ಸಿಇಒ ಬ್ರಯಾನ್ ಥಾಂಪ್ಸನ್ ಅವರನ್ನ ಹಿಲ್ಟನ್ ಹೋಟೆಲಿನ ಹೊರಗೆ ಗುಂಡಿಟ್ಟು ಕೊಂದ್ರು. ಅವತ್ತು ಆ ಹೋಟೆಲಿನಲ್ಲಿ ಕಂಪನಿಯ ಹೂಡಿಕೆದಾರರ ಸಭೆ ಇತ್ತು. ಸಭೆ ಯಾವತ್ತು, ಎಲ್ಲಿ ಅನ್ನೋದೇನೂ ಗುಟ್ಟಾಗಿರಲಿಲ್ಲ. ಅವರು ಒಬ್ಬರೇ ನಡ್ಕೊಂಡು ಬರ್ತಿದ್ರು, ಜೊತೆಗೆ ಕಾವಲಿನವರು ಯಾರೂ ಇರಲಿಲ್ಲ.

ಅದಾದ ಮೇಲೆ ದೊಡ್ಡ ಕಂಪನಿಗಳೆಲ್ಲ ತಮ್ಮ ಬಾಸ್‌ಗಳ ಭದ್ರತೆ ಬಗ್ಗೆ ಎದ್ದುಬಿದ್ದು ಯೋಚನೆ ಮಾಡೋಕೆ ಶುರು ಮಾಡಿದ್ವು. ಈ ಖರ್ಚು ಎಷ್ಟಿರುತ್ತೆ ಅಂತ ಒಂದು ಅಂದಾಜು ಬೇಕಾ? ಮೆಟಾ ಕಂಪನಿ ಮಾರ್ಕ್ ಜುಕರ್‌ಬರ್ಗ್‌ಗೂ ಅವರ ಕುಟುಂಬಕ್ಕೂ ಭದ್ರತಾ ಭತ್ಯೆ ಅಂತಾನೇ 2023ರಿಂದ ವರ್ಷಕ್ಕೆ 1 ಕೋಟಿ 40 ಲಕ್ಷ ಡಾಲರ್ ಗೊತ್ತು ಮಾಡಿತ್ತು. ಷೇರುದಾರರಿಗೆ ಕಳಿಸೋ ದಾಖಲೆಯಲ್ಲೇ ಇದೆ. ಬಿ.ಕಾಂ ಓದಿದ ಚಾಳಿ, ಇಂಥ ದಾಖಲೆ ಸಿಕ್ರೆ ನಾನು ಕಥೆ ಪುಸ್ತಕದ ಥರ ಓದ್ತೀನಿ.

ಕಂಪನಿ ದೊಡ್ಡದಿರಲಿ ಸಣ್ಣದಿರಲಿ, ಭದ್ರತೆಯವರು ಬಂದು ಕೊಡೋ ಪಟ್ಟಿ ಮಾತ್ರ ಹೆಚ್ಚುಕಮ್ಮಿ ಒಂದೇ. ದಿನಾ ಒಂದೇ ಟೈಮಿಗೆ ಮನೆ ಬಿಡಬೇಡಿ. ಒಂದೇ ದಾರೀಲಿ ಹೋಗಬೇಡಿ. ಪ್ರಯಾಣದ ವಿವರ ಯಾರಿಗೂ ಹೇಳಬೇಡಿ. ರಸ್ತೇಲಿ ಏನಾದ್ರೂ ಅಡ್ಡ ಬಂದ್ರೆ ಗಾಡಿ ನಿಲ್ಲಿಸಬೇಡಿ. ಹೋಟೆಲಿನಲ್ಲಿ ನೆಲಮಹಡಿಯ ರೂಮೂ ಬೇಡ, ಬೆಂಕಿ ಏಣಿ ಮುಟ್ಟದಷ್ಟು ಮೇಲಿನ ರೂಮೂ ಬೇಡ.

ಓದಿದ್ರೆ ಇದರಲ್ಲೇನು ಮಹಾ, ನಮ್ಮಜ್ಜಿನೂ ಹೇಳ್ತಿದ್ರು ಅನ್ಸುತ್ತೆ. ಆದರೆ ಈ ಪಟ್ಟಿಯ ಒಂದೊಂದು ಸಾಲಿನ ಹಿಂದೆ ಒಂದೊಂದು ರಸ್ತೆ ಇದೆ, ಒಂದು ತಾರೀಖಿದೆ. ಆ ರಸ್ತೆಗಳಲ್ಲಿ ಮೊದಲು ಸತ್ತವರು ಬಹಳ ಸಲ ಬಾಸ್ ಅಲ್ಲ. ಕಾರು ಓಡಿಸ್ತಿದ್ದವರು, ಹಿಂದಿನ ಗಾಡಿಯಲ್ಲಿ ಕಾವಲಿಗೆ ಬರ್ತಿದ್ದವರು. ಇವತ್ತು ಅವರ ಕಡೆಯಿಂದ ಈ ಚರಿತ್ರೆ ನೋಡೋಣ ಅಂತ.

ಕಥೆ ಶುರು ಮಾಡೋಕೆ ಅರ್ಜೆಂಟೀನಾಗೆ ಹೋಗಬೇಕು. 1970ರ ದಶಕದ ಆರಂಭ. ಅಲ್ಲಿ ಆಗ ಎರಡು ದೊಡ್ಡ ಸಶಸ್ತ್ರ ಗುಂಪುಗಳಿದ್ವು. ಒಂದು ಇಆರ್‌ಪಿ, ಇನ್ನೊಂದು ಮೊಂಟೊನೆರೋಸ್. ಇಬ್ಬರಿಗೂ ದುಡ್ಡು ಬೇಕಿತ್ತು. ಬ್ಯಾಂಕ್ ದೋಚೋದಕ್ಕಿಂತ ಕಂಪನಿ ಮ್ಯಾನೇಜರನ್ನ ಎತ್ತಾಕ್ಕೊಂಡು ಹೋಗೋದು ಲಾಭ ಅನ್ನೋ ಲೆಕ್ಕ ಅವರಿಗೆ ಬೇಗ ಹತ್ತಿತು. 1971ರಲ್ಲಿ ರೊಸಾರಿಯೋ ನಗರದಲ್ಲಿ ಸ್ವಿಫ್ಟ್ ಮಾಂಸದ ಕಂಪನಿಯ ಮ್ಯಾನೇಜರ್ ಒಬ್ಬರನ್ನ ಹಿಡಿದಾಗ ಕೇಳಿದ್ದು ಬಡವರಿಗೆ ಆಹಾರ ಹಂಚಿ ಅಂತ. 1972ರಲ್ಲಿ ಫಿಯೆಟ್‌ನ ಅರ್ಜೆಂಟೀನಾ ಮುಖ್ಯಸ್ಥ ಒಬೆರ್‌ದಾನ್ ಸಲ್ಲುಸ್ತ್ರೋ ಅವರನ್ನ ಅಪಹರಿಸಿದ್ರು. ಪೊಲೀಸರು ಅಡಗುತಾಣ ಪತ್ತೆ ಮಾಡಿದಾಗ ಅವರನ್ನ ಕೊಂದೇಬಿಟ್ರು. 1973ರ ಡಿಸೆಂಬರ್‌ನಲ್ಲಿ ಕಂಪಾನಾ ಊರಿನ ಎಕ್ಸಾನ್ ಎಣ್ಣೆ ಸಂಸ್ಕರಣಾ ಘಟಕದ ಮ್ಯಾನೇಜರ್ ವಿಕ್ಟರ್ ಸ್ಯಾಮ್ಯುಯಲ್‌ಸನ್ ಸರದಿ. ಅವರು ವಾಪಸ್ ಬರೋಕೆ ಎಕ್ಸಾನ್ ಕೊಟ್ಟಿದ್ದು 1 ಕೋಟಿ 42 ಲಕ್ಷ ಡಾಲರ್. ಎರಡೂವರೆ ವರ್ಷದಲ್ಲಿ ಆಹಾರದ ಪೊಟ್ಟಣದಿಂದ ಎಲ್ಲಿಗೆ ಬಂತು ನೋಡಿ.

ಈಗ ದೊಡ್ಡ ಘಟನೆಗೆ ಬರ್ತೀನಿ. 1974ರ ಸೆಪ್ಟೆಂಬರ್ 19. ಬುಂಗೆ ಅಂಡ್ ಬೋರ್ನ್ ಅನ್ನೋದು ಗೋಧಿ, ಜೋಳ ಅಂತ ಪ್ರಪಂಚದ ಧಾನ್ಯ ವ್ಯಾಪಾರದಲ್ಲೇ ದೊಡ್ಡ ಹೆಸರು. ಆ ಮನೆತನದ ಅಣ್ಣತಮ್ಮಂದಿರು, ಹೊರ್ಹೆ ಬೋರ್ನ್ ಮತ್ತು ಹುವಾನ್ ಬೋರ್ನ್, ಬೆಳಿಗ್ಗೆ ಬ್ಯೂನಸ್ ಐರಿಸ್‌ನ ಉತ್ತರದ ಬಡಾವಣೆಯಿಂದ ಒಂದೇ ಕಾರಿನಲ್ಲಿ ಆಫೀಸಿಗೆ ಹೊರಟಿದ್ರು. ಹಿಂದಿನ ಕಾರಿನಲ್ಲಿ ಅಂಗರಕ್ಷಕರು. ದಾರಿಯಲ್ಲಿ ರಸ್ತೆ ಕೆಲಸ ನಡೀತಿದೆ ಅನ್ನೋ ಬೋರ್ಡು. ಕೆಲಸಗಾರರಿದ್ದಾರೆ, ಪೊಲೀಸರಿದ್ದಾರೆ, ಕೈ ತೋರಿಸಿ ಪಕ್ಕದ ರಸ್ತೆಗೆ ತಿರುಗಿಸ್ತಿದ್ದಾರೆ. ನಮ್ಮ ಬೆಂಗಳೂರಲ್ಲಿ ದಿನಕ್ಕೆ ನಾಲ್ಕು ಸಲ ನೋಡೋ ದೃಶ್ಯ. ಡ್ರೈವರ್ ತಿರುಗಿಸಿದ್ರು. ಯಾರಾದ್ರೂ ತಿರುಗಿಸ್ತಿದ್ರು.

ಆ ಪೊಲೀಸರು ಪೊಲೀಸರಲ್ಲ, ಕೆಲಸಗಾರರು ಕೆಲಸಗಾರರೂ ಅಲ್ಲ. ಪಕ್ಕದ ರಸ್ತೆಗೆ ಹೋಗ್ತಿದ್ದಂಗೆ ವಾಹನಗಳು ಬಂದು ಗುದ್ದಿದ್ವು. ಕಾರಲ್ಲಿ ಅಣ್ಣತಮ್ಮಂದಿರ ಜೊತೆ ಇದ್ದದ್ದು ಇಬ್ಬರು. ಡ್ರೈವರ್ ಹುವಾನ್ ಕಾರ್ಲೋಸ್ ಪೆರೆಸ್, ಮತ್ತೆ ಅದೇ ಗುಂಪಿನ ಇನ್ನೊಂದು ಕಂಪನಿಯ ಅಧಿಕಾರಿ ಆಲ್ಬರ್ಟೋ ಬೋಷ್. ಇಬ್ಬರನ್ನೂ ಅಲ್ಲೇ ಕೊಂದ್ರು. ಹಿಂದಿನ ಕಾರಿನವರಿಂದ ಏನೂ ಮಾಡೋಕಾಗಲಿಲ್ಲ.

ಹುವಾನ್ ಸುಮಾರು ಆರು ತಿಂಗಳಾದ ಮೇಲೆ, ಹೊರ್ಹೆ ಒಂಬತ್ತು ತಿಂಗಳಾದ ಮೇಲೆ, 1975ರ ಜೂನ್‌ನಲ್ಲಿ ಹೊರಗೆ ಬಂದ್ರು. ಒತ್ತೆಹಣ 6 ಕೋಟಿ ಡಾಲರ್. ಅಲ್ಲಿಯವರೆಗೆ ಪ್ರಪಂಚದಲ್ಲಿ ಯಾರೂ ಇಷ್ಟು ಕೊಟ್ಟಿರಲಿಲ್ಲ. ಒಳಗಿದ್ದುಕೊಂಡೇ ಹೊರ್ಹೆ ಚೌಕಾಸಿ ಮಾತುಕತೆಯಲ್ಲಿ ಸೇರಿಕೊಂಡಿದ್ರು ಅನ್ನೋದು ಇನ್ನೊಂದು ವಿಚಿತ್ರ. ವ್ಯಾಪಾರಸ್ಥರ ರಕ್ತ, ಏನು ಹೇಳೋದು.

ದುಡ್ಡು ಎಲ್ಲಿ ಹೋಯ್ತು ಗೊತ್ತಾ? ಅದರಲ್ಲಿ ಸುಮಾರು 1 ಕೋಟಿ 70 ಲಕ್ಷ ಡಾಲರನ್ನ ಕ್ರಾಂತಿಕಾರಿಗಳು ಡೇವಿಡ್ ಗ್ರೈವರ್ ಅನ್ನೋ ಬ್ಯಾಂಕರ್ ಹತ್ತಿರ ಬಡ್ಡಿಗೆ ಇಟ್ರು. ತಿಂಗಳು ತಿಂಗಳು ಬಡ್ಡಿ ಬರ್ತಿತ್ತು! 1976ರ ಆಗಸ್ಟ್‌ನಲ್ಲಿ ಗ್ರೈವರ್ ಮೆಕ್ಸಿಕೋದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ್ರು, ಅಲ್ಲಿಗೆ ಆ ಲೆಕ್ಕ ಪೂರಾ ಗೋಜಲಾಯ್ತು. ಇನ್ನೂ ಒಂದಿದೆ, ಕೇಳಿ. ಮೊಂಟೊನೆರೋಸ್ ಮುಖಂಡರಲ್ಲಿ ಒಬ್ಬನಾದ ರೊಡೊಲ್ಫೋ ಗಲಿಂಬೆರ್ತಿ 1990ರ ದಶಕದಲ್ಲಿ ಅದೇ ಹೊರ್ಹೆ ಬೋರ್ನ್ ಜೊತೆ ವ್ಯಾಪಾರದಲ್ಲಿ ಪಾಲುದಾರನಾದ. ಅಪಹರಣ ಆದವರು, ಅಪಹರಣ ಮಾಡಿದ ಗುಂಪಿನವನು, ಒಂದೇ ಮೇಜಿನ ಎರಡು ಕಡೆ. ಇಂಥ ರಾಜಿಗೆ ಎರಡೂ ಕಡೆಯವರು ಬದುಕಿರಬೇಕು. ಪೆರೆಸ್‌ಗಾಗಲಿ ಬೋಷ್‌ಗಾಗಲಿ ಆ ಅವಕಾಶ ಎಲ್ಲಿತ್ತು?

ಈಗ ವಿಮೆ. ಇದು ನನ್ನ ಇಷ್ಟದ ಭಾಗ, ಸ್ವಲ್ಪ ಸಹಿಸ್ಕೊಳ್ಳಿ. 1932ರಲ್ಲಿ ಅಮೆರಿಕದಲ್ಲಿ ವಿಮಾನ ಹಾರಾಟಗಾರ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣ ಆಯ್ತಲ್ಲ, ಅದರ ನಂತರ ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ ಅಪಹರಣ ವಿಮೆ ಅನ್ನೋದು ಹುಟ್ಟಿತು. ತುಂಬಾ ವರ್ಷ ಅದು ಶ್ರೀಮಂತ ಕುಟುಂಬಗಳ ಸಣ್ಣ ವ್ಯವಹಾರವಾಗಿತ್ತು. ಅರ್ಜೆಂಟೀನಾ, ಇಟಲಿ, ಕೊಲಂಬಿಯಾ ಸುದ್ದಿಗಳು ಬರ್ತಿದ್ದಂಗೆ ಕಂಪನಿಗಳು ಸಾಲುಗಟ್ಟಿದ್ವು. 1975ರಲ್ಲಿ ಲಂಡನ್ನಿನಲ್ಲಿ ಕಂಟ್ರೋಲ್ ರಿಸ್ಕ್ಸ್ ಅನ್ನೋ ಸಂಸ್ಥೆ ಶುರುವಾಯ್ತು. ಅದನ್ನ ಶುರು ಮಾಡಿದ್ದೇ ಒಂದು ವಿಮಾ ದಲ್ಲಾಳಿ ಕಂಪನಿ. ಅಪಹರಣಕಾರರ ಜೊತೆ ಹೇಗೆ ಮಾತಾಡಬೇಕು, ಎಷ್ಟಕ್ಕೆ ಇಳಿಸಬೇಕು ಅಂತ ಸಲಹೆ ಕೊಡೋ ಪರಿಣಿತರು ಅಲ್ಲಿದ್ರು.

ಈ ಪಾಲಿಸಿಯ ಷರತ್ತುಗಳು ಮಜವಾಗಿವೆ. ಮೊದಲನೆಯದು, ಪಾಲಿಸಿ ಇದೆ ಅಂತ ಯಾರಿಗೂ ಹೇಳಂಗಿಲ್ಲ. ಬಾಯಿಬಿಟ್ರೆ ಪಾಲಿಸಿನೇ ರದ್ದಾಗಬಹುದು. ಯಾಕಂದ್ರೆ ವಿಮೆ ಇರೋದು ಗೊತ್ತಾದ ದಿನವೇ ಆ ಮನುಷ್ಯನ ಬೆಲೆ ಏರುತ್ತೆ. ಹಾಗಾಗಿ ಬಹಳ ಸಲ ವಿಮೆ ಯಾರ ಮೇಲಿದೆಯೋ ಅವರಿಗೇ ಅದು ಗೊತ್ತಿರಲ್ಲ. ಎರಡನೆಯದು, ವಿಮಾ ಕಂಪನಿ ಸೂಟ್‌ಕೇಸ್ ತಗೊಂಡು ಬರಲ್ಲ. ಒತ್ತೆಹಣ ಮೊದಲು ನೀವೇ ಹೊಂದಿಸಿ ಕೊಡಬೇಕು, ಆಮೇಲೆ ಕ್ಲೇಮ್. ಇಟಲಿ ಇನ್ನೊಂದು ದಾರಿ ಹಿಡೀತು. 1991ರ ಕಾನೂನಿನಲ್ಲಿ, ಅಪಹರಣ ಆದ ಕೂಡಲೇ ಆ ಕುಟುಂಬದ ಆಸ್ತಿ, ಬ್ಯಾಂಕ್ ಖಾತೆ ಎಲ್ಲ ತಡೆಹಿಡಿಯೋ ಹಾಗೆ ಮಾಡಿತು. ಕೊಡೋಕೆ ದುಡ್ಡೇ ಇರಬಾರದು ಅಂತ. ನಂಗೆ ಇದು ಬಹಳ ಕಟುವಾದ ಕಾನೂನು ಅನ್ಸುತ್ತೆ, ಆದರೆ ಅದರ ಹಿಂದಿನ ಲೆಕ್ಕ ಅರ್ಥ ಆಗುತ್ತೆ.

ಇಷ್ಟೆಲ್ಲ ವ್ಯವಸ್ಥೆ ಬಾಸ್ ವಾಪಸ್ ಬರೋದಕ್ಕೆ. ವಾಪಸ್ ಬರೋ ಪ್ರಶ್ನೆನೇ ಇಲ್ಲದವರ ಕಥೆಗೆ ಈಗ ಪಶ್ಚಿಮ ಜರ್ಮನಿಗೆ ಹೋಗೋಣ.

1977. ರೆಡ್ ಆರ್ಮಿ ಫ್ಯಾಕ್ಷನ್ ಅಂತ ಎಡಪಂಥೀಯ ಉಗ್ರ ಗುಂಪು, ಚಿಕ್ಕದಾಗಿ ಆರ್‌ಎಎಫ್. ಜುಲೈ 30ರಂದು ಡ್ರೆಸ್ಡ್‌ನರ್ ಬ್ಯಾಂಕಿನ ಮುಖ್ಯಸ್ಥ ಯೂರ್ಗನ್ ಪೊಂಟೋ ಅವರನ್ನ ಅವರ ಮನೆಯಲ್ಲೇ ಕೊಂದ್ರು. ಹಂತಕರು ಬಾಗಿಲಿಗೆ ಬಂದಿದ್ದು ಹೂವು ಹಿಡ್ಕೊಂಡು. ಬಂದವರಲ್ಲಿ ಒಬ್ಬಳು ಪೊಂಟೋ ಸ್ನೇಹಿತರ ಮಗಳು. ಇಂಥದ್ದಕ್ಕೆ ಯಾವ ಪಟ್ಟಿ ಮಾಡ್ತೀರಿ?

ಇದಾದ ಮೇಲೆ ದೇಶದ ದೊಡ್ಡ ಉದ್ಯಮಿಗಳಿಗೆಲ್ಲ ಕಾವಲು ಬಿಗಿಯಾಯ್ತು. ಅದರಲ್ಲೂ ಹಾನ್ಸ್ ಮಾರ್ಟಿನ್ ಶ್ಲೈಯರ್ ಅವರಿಗೆ. ಡೈಮ್ಲರ್-ಬೆಂಜ್ ಕಂಪನಿಯ ಆಡಳಿತದಲ್ಲಿದ್ದವರು, ಮಾಲೀಕರ ಸಂಘ, ಕೈಗಾರಿಕೆಗಳ ಒಕ್ಕೂಟ ಎರಡಕ್ಕೂ ಅಧ್ಯಕ್ಷರು. ಹಿಟ್ಲರ್ ಕಾಲದಲ್ಲಿ ಎಸ್‌ಎಸ್ ಪಡೆಯ ಅಧಿಕಾರಿಯಾಗಿದ್ದವರು ಅನ್ನೋದನ್ನೂ ಹೇಳಬೇಕು, ಆರ್‌ಎಎಫ್ ಅವರನ್ನೇ ಆರಿಸಿಕೊಂಡಿದ್ದಕ್ಕೆ ಅದೂ ಒಂದು ಕಾರಣ.

ಸೆಪ್ಟೆಂಬರ್ 5, ಕಲೋನ್ ನಗರ. ಸಂಜೆ ಐದೂವರೆ ಹತ್ತಿರ. ಶ್ಲೈಯರ್ ಆಫೀಸಿಂದ ತಮ್ಮ ಅಪಾರ್ಟ್‌ಮೆಂಟಿಗೆ ಹೊರಟಿದ್ದಾರೆ. ಮುಂದೆ ಅವರ ಮರ್ಸಿಡಿಸ್, ಓಡಿಸ್ತಿದ್ದದ್ದು ಹೈಂಟ್ಸ್ ಮಾರ್ಸಿಸ್. ಹಿಂದೆ ಇನ್ನೊಂದು ಕಾರು, ಅದರಲ್ಲಿ ಮೂವರು ಪೊಲೀಸರು: ರೈನ್‌ಹೋಲ್ಡ್ ಬ್ರೆಂಡ್ಲೆ, ಹೆಲ್ಮುಟ್ ಉಲ್ಮರ್, ರೋಲಾಂಡ್ ಪೀಲರ್. ಶ್ಲೈಯರ್ ಕಾರಿಗೆ ಗುಂಡು ತಡೆಯೋ ಕವಚ ಇರಲಿಲ್ಲ. ವಿನ್ಸೆಂಟ್ಸ್ ಸ್ಟಾಟ್ಸ್ ರಸ್ತೆಗೆ ತಿರುಗಿದ್ರೋ ಇಲ್ವೋ, ಹಳದಿ ಮರ್ಸಿಡಿಸ್ ಒಂದು ಹಿಂದಕ್ಕೆ ಬಂದು ದಾರಿಗೆ ಅಡ್ಡ ನಿಂತಿತು. ಜೊತೆಗೆ ನೀಲಿ ಬಣ್ಣದ ಒಂದು ಮಗುವಿನ ತಳ್ಳುಗಾಡಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ಪಟ್ಟಿಯಲ್ಲಿ ಬರೆದಿರುತ್ತೆ, ಏನು ಅಡ್ಡ ಬಂದ್ರೂ ಬ್ರೇಕ್ ಹಾಕಬೇಡಿ. ಮಗುವಿನ ಗಾಡಿ ಕಣ್ಣಿಗೆ ಬಿದ್ರೆ ಮನುಷ್ಯನ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ. ಯೋಚನೆ ಮಾಡೋ ಮೊದಲೇ ಹೋಗುತ್ತೆ. ಆರ್‌ಎಎಫ್‌ನವರು ನಂಬಿಕೊಂಡಿದ್ದೇ ಆ ಒಳ್ಳೆತನವನ್ನ.

ಮಾರ್ಸಿಸ್ ಬ್ರೇಕ್ ಹಾಕಿದ್ರು. ಹಿಂದಿನ ಪೊಲೀಸ್ ಕಾರು ಬಂದು ಇವರ ಕಾರಿಗೆ ಗುದ್ದಿತು. ನೂರಕ್ಕೂ ಹೆಚ್ಚು ಗುಂಡುಗಳು. ಮಾರ್ಸಿಸ್ ಮತ್ತು ಮೂವರು ಪೊಲೀಸರು ಅಲ್ಲೇ ಸತ್ತರು. ಶ್ಲೈಯರ್‌ಗೆ ಒಂದು ಗುಂಡೂ ತಾಗಲಿಲ್ಲ. ತಾಗಬಾರದಿತ್ತು, ಅವರು ಜೀವಂತ ಬೇಕಿದ್ರು, ಜೈಲಿನಲ್ಲಿದ್ದ ತಮ್ಮವರನ್ನ ಬಿಡಿಸ್ಕೊಳ್ಳೋಕೆ. ಉಳಿದ ನಾಲ್ವರ ಜೀವಕ್ಕೆ ಅವರ ಲೆಕ್ಕದಲ್ಲಿ ಬೆಲೆ ಇರಲಿಲ್ಲ.

ಶ್ಲೈಯರ್ ಅವರನ್ನ ಇಟ್ಟಿದ್ದು ಕಲೋನ್ ಹತ್ತಿರದ ಎರ್ಫ್ಟ್‌ಷ್ಟಾಟ್ ಅನ್ನೋ ಊರಿನ ಒಂದು ಬಹುಮಹಡಿ ಕಟ್ಟಡದಲ್ಲಿ. ಆ ಫ್ಲ್ಯಾಟಿನ ಅಡ್ವಾನ್ಸನ್ನ ಬಾಡಿಗೆಗೆ ಬಂದವಳು ನಗದಾಗಿ ಎಣಿಸಿಕೊಟ್ಟಿದ್ಲು ಅನ್ನೋದು ಗೊತ್ತಾಗಿ, ಸ್ಥಳೀಯ ಪೊಲೀಸರು ಅನುಮಾನಪಟ್ಟು ಎರಡೇ ದಿನದಲ್ಲಿ ಮೇಲಕ್ಕೆ ವರದಿ ಕಳಿಸಿದ್ರು. ಆ ವರದಿ ಕಚೇರಿಗಳ ನಡುವೆ ಎಲ್ಲೋ ಕಳೆದುಹೋಯ್ತು. ಅಕ್ಟೋಬರ್‌ನಲ್ಲಿ ಇವರ ಜೊತೆಗಿದ್ದವರು ಲುಫ್ತಾನ್ಸಾ ವಿಮಾನ ಅಪಹರಿಸಿದ್ದು, ಸೊಮಾಲಿಯಾದ ಮೊಗದಿಶುವಿನಲ್ಲಿ ಜರ್ಮನ್ ಕಮಾಂಡೋಗಳು ನುಗ್ಗಿ ಪ್ರಯಾಣಿಕರನ್ನ ಬಿಡಿಸಿದ್ದು ಬೇರೆ ದೊಡ್ಡ ಕಥೆ. ಅಕ್ಟೋಬರ್ 19ರಂದು ಫ್ರಾನ್ಸಿನ ಮ್ಯುಲೂಸ್‌ನಲ್ಲಿ ಒಂದು ಹಸಿರು ಆಡಿ ಕಾರಿನ ಡಿಕ್ಕಿಯಲ್ಲಿ ಶ್ಲೈಯರ್ ಶವ ಸಿಕ್ತು.

ಸ್ಟುಟ್‌ಗಾರ್ಟ್ ನಗರದಲ್ಲಿ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣ ಇದೆ, 1983ರದ್ದು, ಹೆಸರು ಹಾನ್ಸ್ ಮಾರ್ಟಿನ್ ಶ್ಲೈಯರ್ ಹಾಲ್. ಸೈಕಲ್ ರೇಸು, ಸಂಗೀತ ಕಚೇರಿ ಎಲ್ಲ ಅಲ್ಲಿ ಆಗುತ್ತೆ. ಮಾರ್ಸಿಸ್, ಬ್ರೆಂಡ್ಲೆ, ಉಲ್ಮರ್, ಪೀಲರ್ ಹೆಸರುಗಳು ಕಲೋನ್‌ನ ಆ ತಿರುವಿನಲ್ಲಿ ಒಂದು ಸ್ಮಾರಕದ ಕಲ್ಲಿನ ಮೇಲಿವೆ.

ಸರಿ, ಆಮೇಲೆ ಏನು ಬದಲಾಯ್ತು? ಡ್ರೈವರ್ ಬದಲಾದ್ರು. ಡ್ರೈವಿಂಗ್ ಗೊತ್ತಿರೋ ನಂಬಿಕಸ್ಥ ಮನುಷ್ಯ ಅನ್ನೋದು ಸಾಕಾಗಲಿಲ್ಲ. ಹೈಸ್ಪೀಡಲ್ಲಿ ರಿವರ್ಸ್ ಹೋಗಿ ಗಾಡಿ ತಿರುಗಿಸೋದು, ಅಡ್ಡ ನಿಂತ ಕಾರನ್ನ ಯಾವ ಜಾಗಕ್ಕೆ ಗುದ್ದಿದ್ರೆ ಪಕ್ಕಕ್ಕೆ ಸರಿಯುತ್ತೆ, ಇಂಥದ್ದನ್ನೆಲ್ಲ ಹೇಳಿಕೊಡೋ ತರಬೇತಿ ಬಂತು. ಅಮೆರಿಕದ ಆದಾಯ ತೆರಿಗೆ ನಿಯಮಗಳಲ್ಲೂ ಇದು ಸೇರಿಕೊಳ್ತು, ಇದನ್ನ ನೋಡಿ ನಂಗೆ ನಿಜವಾಗ್ಲೂ ಆಶ್ಚರ್ಯ ಆಯ್ತು. ಕಂಪನಿ ಕಾರಲ್ಲಿ ಮನೆಯಿಂದ ಆಫೀಸಿಗೆ ಓಡಾಡಿದ್ರೆ ಅದು ಉದ್ಯೋಗಿಗೆ ಸಿಕ್ಕ ಸವಲತ್ತು, ತೆರಿಗೆ ಬೀಳುತ್ತೆ. ಆದರೆ ನಿಜವಾದ ಭದ್ರತಾ ಕಾರಣ ಇದ್ರೆ, ಡ್ರೈವರ್ ಅಂಗರಕ್ಷಕನೂ ಆಗಿದ್ರೆ, ಅವರ ಖರ್ಚಿಗೆ ವಿನಾಯಿತಿ ಸಿಗುತ್ತೆ. ಒಂದು ಷರತ್ತು: ಅಪಾಯದಿಂದ ಗಾಡಿ ತಪ್ಪಿಸಿಕೊಂಡು ಓಡಿಸೋ ತರಬೇತಿ ಅವರಿಗೆ ಆಗಿರಬೇಕು. ಮಾರ್ಸಿಸ್ ಕಾಲು ಬ್ರೇಕ್ ಮೇಲೆ ಹೋಗಿದ್ದು ತೆರಿಗೆ ನಿಯಮದ ಒಂದು ಸಾಲಾಯ್ತು ಅಂತ ನಾನು ಓದಿಕೊಳ್ತೀನಿ.

ಕಾರುಗಳೂ ಬದಲಾದ್ವು. ಗಾಜು ದಪ್ಪ ಆಯ್ತು, ಬಾಗಿಲಿಗೆ ಉಕ್ಕು ಬಂತು. ಡ್ರೈವರ್‌ಗೆ ತರಬೇತಿ, ಕಾರಿಗೆ ಕವಚ, ಇನ್ನೇನು ಬೇಕು?

1989ರ ನವೆಂಬರ್ 30, ಫ್ರಾಂಕ್‌ಫರ್ಟ್ ಹತ್ತಿರದ ಬಾಡ್ ಹೊಂಬುರ್ಗ್. ಬರ್ಲಿನ್ ಗೋಡೆ ಬಿದ್ದು ಮೂರು ವಾರ ಆಗಿದೆ ಅಷ್ಟೆ. ಡಾಯ್ಚ ಬ್ಯಾಂಕ್ ಮುಖ್ಯಸ್ಥ ಆಲ್‌ಫ್ರೆಡ್ ಹೆರ್‌ಹೌಸನ್ ಬೆಳಿಗ್ಗೆ ಎಂಟೂವರೆ ಸುಮಾರಿಗೆ ಮನೆ ಬಿಟ್ರು. ಮೂರು ಕಾರು. ಮುಂದೊಂದು, ಹಿಂದೊಂದು ಕಾವಲಿನವರದ್ದು, ಮಧ್ಯದಲ್ಲಿ ಅವರ ಕವಚದ ಮರ್ಸಿಡಿಸ್. ಮನೆಯಿಂದ ಸ್ವಲ್ಪ ದೂರದಲ್ಲೇ ರಸ್ತೆ ಬದಿಯಲ್ಲಿ ಒಂದು ಸೈಕಲ್ ನಿಂತಿತ್ತು, ಅದರ ಕ್ಯಾರಿಯರ್ ಮೇಲೆ ಒಂದು ಬ್ಯಾಗು. ರಸ್ತೆಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಗೆರೆ. ಮೊದಲ ಕಾರು ದಾಟಿದ ಮೇಲೆ ಅದನ್ನ ಆನ್ ಮಾಡಿದ್ರು. ಎರಡನೇ ಕಾರು ಆ ಗೆರೆ ಮುಟ್ಟಿತು. ಬಾಂಬು ಸಿಡಿದ ರಭಸಕ್ಕೆ ಅದರೊಳಗಿದ್ದ ತಾಮ್ರದ ತಟ್ಟೆ ಗುಂಡಿನ ಥರ ನುಗ್ಗಿ ಹಿಂದಿನ ಬಾಗಿಲನ್ನೇ ಸೀಳಿತು. ಹೆರ್‌ಹೌಸನ್ ಕಾಲಿಗೆ ಆದ ಗಾಯದಿಂದ ರಕ್ತ ಹರಿದು ಸತ್ತರು. ಆರ್‌ಎಎಫ್ ತಾನೇ ಮಾಡಿದ್ದು ಅಂತ ಹೇಳಿಕೊಂಡಿತು, ಆದರೆ ಮಾಡಿದ ಕೈಗಳು ಯಾರದ್ದು ಅಂತ ಕೋರ್ಟಿನಲ್ಲಿ ಇವತ್ತಿಗೂ ಸಾಬೀತಾಗಿಲ್ಲ. ಈ ಸಲ ಡ್ರೈವರ್ ಗಾಯಗೊಂಡು ಬದುಕಿಕೊಂಡ್ರು.

ಯೋಚನೆ ಮಾಡಿ, ಆ ಬಾಂಬ್ ಕೆಲಸ ಮಾಡಬೇಕಾದ್ರೆ ಏನು ಬೇಕಿತ್ತು? ತಂತ್ರಜ್ಞಾನ ಆಮೇಲೆ. ಮೊದಲು ಅವರು ಆ ರಸ್ತೆಯಲ್ಲೇ ಬರಬೇಕಿತ್ತು, ಮೂರು ಕಾರಿನ ಮೆರವಣಿಗೆಯಲ್ಲಿ ಮಧ್ಯದ ಕಾರಲ್ಲೇ ಕೂತಿರಬೇಕಿತ್ತು, ಹಿಂದಿನ ಸೀಟಲ್ಲೇ ಇರಬೇಕಿತ್ತು. ಲಕ್ಷಾಂತರ ಖರ್ಚಿನ ಭದ್ರತೆನೇ ಅವರ ಚಲನೆಯನ್ನ ರೈಲಿನ ಥರ ಮಾಡಿಬಿಟ್ಟಿತ್ತು. ಟೈಮು ಬದಲಾಯಿಸೋದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಂಪನಿಗಳಲ್ಲಿ ಎಲ್ಲಕ್ಕಿಂತ ಕಷ್ಟ ಅದೇ, ಯಾಕಂದ್ರೆ ಮೀಟಿಂಗ್ ಒಂಬತ್ತಕ್ಕೆ ಅಂದ್ರೆ ಒಂಬತ್ತಕ್ಕೆ.

ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಒಂದು ಕಂಪನಿಯ ಡೈರೆಕ್ಟರ್‌ಗೆ ಕಾರು ಓಡಿಸ್ತಾರೆ. ಈ ಎಪಿಸೋಡ್ ಮಾಡೋವಾಗ ಕೇಳ್ದೆ, "ಅಣ್ಣ, ನಿಂಗೆ ರೂಟ್ ಬದಲಾಯಿಸು ಅಂತ ಯಾರಾದ್ರೂ ಹೇಳಿದ್ದಾರಾ?" ಅಂತ. ಅವರು ನಕ್ಕುಬಿಟ್ರು. "ಒಂದಿನ ಟ್ರೇನಿಂಗ್ ಕೊಟ್ರು, ಪೇಪರ್ ಕೊಟ್ರು, ಸೈನ್ ಹಾಕಿಸ್ಕೊಂಡ್ರು. ಆದ್ರೆ ಮರಿ, ಐದು ನಿಮಿಷ ಲೇಟಾದ್ರೆ ಸರ್ ಬೈಯೋದು ನಂಗೆ ತಾನೇ?"

ಬೆಂಗಳೂರಿನ ಮಾತು ಬಂತು, ಅದರದ್ದೂ ಒಂದು ಚರಿತ್ರೆ ಇದೆ. 2009ರಲ್ಲಿ ಕಾನೂನು ತಿದ್ದುಪಡಿ ಮಾಡಿ, ಖಾಸಗಿ ಕಂಪನಿಗಳೂ ದುಡ್ಡು ಕೊಟ್ಟು ಕೇಂದ್ರದ ಸಿಐಎಸ್‌ಎಫ್ ಪಡೆಯ ಕಾವಲು ಪಡೆಯೋ ಹಾಗೆ ಆಯ್ತು. 2008ರ ಮುಂಬೈ ದಾಳಿಯ ನಂತರದ ದಿನಗಳು ಅವು. ಮೊದಲು ಪಡೆದಿದ್ದು ಇನ್ಫೋಸಿಸ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಆದರೆ ನಮ್ಮ ಊರಿನ ಕಂಪನಿಗಳಿಗೆ ಪ್ರಯಾಣದ ಎಚ್ಚರಿಕೆ ಕಲಿಸಿದ ಘಟನೆಯಲ್ಲಿ ದೊಡ್ಡ ಬಾಸ್ ಯಾರೂ ಇಲ್ಲ. 2005ರ ಡಿಸೆಂಬರ್‌ನಲ್ಲಿ ರಾತ್ರಿ ಪಾಳಿಗೆ ಹೊರಟಿದ್ದ ಬಿಪಿಒ ಉದ್ಯೋಗಿ ಒಬ್ಬರನ್ನ, ಕರ್ಕೊಂಡು ಹೋಗೋಕೆ ಬಂದ ಕ್ಯಾಬ್ ಡ್ರೈವರೇ ಕೊಂದ. ಅವತ್ತಿನ ಡ್ಯೂಟಿ ಅವನದ್ದಾಗಿರಲೇ ಇಲ್ಲ. ಆಕೆ ಎಷ್ಟೊತ್ತಿಗೆ ಎಲ್ಲಿ ಕಾಯ್ತಾರೆ ಅನ್ನೋದು ಅವನಿಗೆ ಗೊತ್ತಿತ್ತು. ಡ್ರೈವರ್ ಯಾರು ಅಂತ ಮೊದಲೇ ತಿಳಿಸೋದು, ಗಾಡಿಗೆ ಜಿಪಿಎಸ್, ರಾತ್ರಿ ಮೊದಲು ಹತ್ತೋ ಅಥವಾ ಕೊನೆಗೆ ಇಳಿಯೋ ಮಹಿಳೆ ಜೊತೆ ಸೆಕ್ಯುರಿಟಿ ಗಾರ್ಡ್, ಇವೆಲ್ಲ ಇಲ್ಲಿನ ಆಫೀಸುಗಳಲ್ಲಿ ಗಂಭೀರ ಆಗಿದ್ದು ಅದರ ನಂತರ. ಮುಂದಿನ ಸೀಟಲ್ಲಿ ಕೂತವರು ಯಾವಾಗಲೂ ಬಲಿಪಶು ಅಂತ ನಾನು ಹೇಳ್ತಿಲ್ಲ. ಟೈಮು, ದಾರಿ ಎರಡೂ ಗೊತ್ತಿರೋದು ಅವರಿಗೆ ಅಂತ ಹೇಳ್ತಿದ್ದೀನಿ.

ಅಣ್ಣನಿಗೆ ಇನ್ನೊಂದು ಪ್ರಶ್ನೆ ಕೇಳಿದ್ದೆ, ನಿನ್ನ ಮೇಲೆ ಕಂಪನಿ ಯಾವ ಇನ್ಶೂರೆನ್ಸ್ ಮಾಡಿಸಿದೆ ಅಂತ. ಅವರು ಕಂಪನಿಯ ಉದ್ಯೋಗಿನೇ ಅಲ್ವಂತೆ, ಏಜೆನ್ಸಿ ಮೂಲಕ ಬಂದವರು. ಇಎಸ್‌ಐ ಕಾರ್ಡ್ ಇದೆ, ಅದಕ್ಕಿಂತ ಹೆಚ್ಚು ಏನಿದೆಯೋ ಏಜೆನ್ಸಿಯವರನ್ನ ಕೇಳಬೇಕು ಅಂದ್ರು. ಕೇಳಿ ನೋಡಿ ಅಂದಿದ್ದೀನಿ. ನೀವೂ ಡ್ರೈವರ್ ಆಗಿದ್ರೆ, ನಿಮ್ಮ ಮನೇಲಿ ಯಾರಾದ್ರೂ ಆಗಿದ್ರೆ, ಆ ಕಾಗದ ಕೇಳಿ ತಗೊಳ್ಳಿ.

ಮುಂದಿನ ವಾರ ಆ ಬಡ್ಡಿ ಬ್ಯಾಂಕರ್ ಗ್ರೈವರ್ ಬಗ್ಗೆನೇ ಒಂದು ಪೂರ್ತಿ ಎಪಿಸೋಡ್ ಇರುತ್ತೆ.